ಗಿರಗಿಟ್ಲೆ ಇಳಿದ ಆಷಾಢ

ಜೂನ್ 14, ಶನಿವಾರ

ಪಿಳ್ಳಪ್ಪನವರು ಬೆಳಿಗ್ಗೆಯೇ ಬಂದರು. ಕಾಫಿ ಮುಗಿಯುವವರೆಗೂ ಮಳೆಯ ಮಾತು, ಮಾವಿನ ಫಸಲಿನ ಮಾತು. ಲೋಟ ಕೆಳಗಿಟ್ಟ ಮೇಲೆ ನಿಜವಾದ ವಿಷಯ. ಅವರ ಮಕ್ಕಳು ನಮ್ಮ ಪಟ್ಟಿಯ ಜಮೀನನ್ನು ಲೇಔಟಿನವರಿಗೆ ಒಪ್ಪಿಸಿಬಿಟ್ಟಿದ್ದಾರೆ. ಈ ತಿಂಗಳೇ ಕೆಲಸ ಶುರುವಾಗಬೇಕಿತ್ತಂತೆ, ಆದರೆ ಆಷಾಢ ಹತ್ತಿರ ಬಂತೆಂದು ಭೂಮಿಪೂಜೆಯನ್ನು ಶ್ರಾವಣಕ್ಕೆ ಹಾಕಿದ್ದಾರೆ. "ಆಷಾಡ ಕಳೆಯೋಗಂಟ ಪಟ್ಟಿ ನಿಮ್ದೇ ಚೈತ್ರಮ್ಮ. ಆಮೇಲೆ ನನ್ ಮಾತು ನಡಿಯಲ್ಲ," ಎಂದರು. ಜಮೀನು ಅವರದು, ಬೇಡ ಎನ್ನಲು ನಾನು ಯಾರು? ಆದರೂ ನಾಲ್ಕು ಮಾತು ಆಡಬೇಕೆಂದುಕೊಂಡೆ. ಅವರ ಮುಖವೇ ಅಷ್ಟು ಸಪ್ಪಗಿತ್ತು, ಇನ್ನರ್ಧ ಲೋಟ ಕಾಫಿ ಕೊಟ್ಟು ಕಳಿಸಿದೆ.

ಶಿವಗಂಗೆ ಬೆಟ್ಟದ ಪೂರ್ವಕ್ಕಿರುವ ಆ ಹುಲ್ಲಿನ ಪಟ್ಟಿಯೇ ಅಮರ್‌ನ ರನ್‌ವೇ. ಅಲ್ಲಿಂದ ಬೆಟ್ಟ ಕೂತ ನಂದಿಯಂತೆ ಕಾಣುತ್ತದೆ. ಗಾಳಿ ಬರುವುದು ಆ ಕಡೆಯಿಂದ, ಆದ್ದರಿಂದ ನಂದಿಗೆ ಮುಖ ಮಾಡಿಯೇ ಇಳಿಯಬೇಕು. ಕಾಗದಪತ್ರದಲ್ಲಿ ಅವನ ಯಂತ್ರದ ಹೆಸರು ಜೈರೋಪ್ಲೇನ್. ಊರಿನವರಿಗೆ ಅದು ಗಿರಗಿಟ್ಲೆ. ಊರಿನವರು ಇಟ್ಟದ್ದೇ ಸರಿಯಾದ ಹೆಸರು. ತಲೆಯ ಮೇಲೆ ಹೆಲಿಕಾಪ್ಟರಿನ ಹಾಗೆ ರೆಕ್ಕೆ ಇದ್ದರೂ ಅದಕ್ಕೆ ಎಂಜಿನ್ನಿನ ಹಂಗಿಲ್ಲ. ಎಂಜಿನ್ ಹಿಂದೆ ಕೂತು ಮುಂದಕ್ಕೆ ನೂಕುತ್ತದೆ, ರೆಕ್ಕೆಯನ್ನು ತಿರುಗಿಸುವುದು ಗಾಳಿ.

ನನ್ನ ತಲೆಯಲ್ಲಿ ಓಡುತ್ತಿರುವುದು ಬಾಲದ ವಿಷಯ. ಹಳೆಯ ಪುಟ್ಟ ಬಾಲವಿದ್ದಾಗ ಗಾಳಿ ಹೊಡೆದರೆ ಗಿರಗಿಟ್ಲೆಯ ಮೂಗು ಏಳುತ್ತಿತ್ತು, ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. ದೊಡ್ಡ ಬಾಲ ಹಾಕೋಣ ಎಂದು ನಾನು, ಚೆಂದ ಕೆಡುತ್ತದೆ ಎಂದು ಅವನು. ವರ್ಷಗಟ್ಟಲೆ ಗಂಡಹೆಂಡಿರ ಜಗಳ. ವಿಮಾನಗಳ ಲೆಕ್ಕ ಹಾಕುವುದು ನನ್ನ ನೌಕರಿ, ಹಾರುವುದು ಅವನ ಹುಚ್ಚು. ಹಾಸಿಗೆ ಹಿಡಿದ ಮೇಲೆ ಒಪ್ಪಿದ. "ಆಯ್ತು ತಾಯಿ, ಕಟ್ಕೊ ನಿನ್ ಮೊರಾನ," ಎಂದ. ಕಟ್ಟಿದೆ. ಅಗಲವಾಗಿ ಮೊರದ ಹಾಗೆಯೇ ಇದೆ. ನೋಡಲು ಅವನು ಉಳಿಯಲಿಲ್ಲ.

ಆ ಬಾಲ ಇದುವರೆಗೆ ಗಾಳಿಯಿಲ್ಲದ ಬೆಳಿಗ್ಗೆಗಳಲ್ಲಿ ಮಾತ್ರ ಹಾರಿದೆ. ಅವನು ಹೋದ ಮೇಲೆ ಹಾರಲು ಕಲಿತ ನಾನೂ ಅಷ್ಟೇ. ಶ್ರಾವಣದಲ್ಲಿ ಅಮರ್‌ನ ಸ್ನೇಹಿತ ದೇವೇಂದ್ರ ಗಿರಗಿಟ್ಲೆಯನ್ನು ತನ್ನ ತರಬೇತಿ ಶಾಲೆಗೆ ಒಯ್ಯುತ್ತಾನೆ. ಆಷಾಢದ ಗಾಳಿಯಲ್ಲಿ ಇಳಿದು ತೋರಿಸದ ಬಾಲವನ್ನು ನಂಬಿ ಕಲಿಯುವವರನ್ನು ಕೂರಿಸಲಾರೆ, ಹಳೆಯದನ್ನೇ ಹಾಕುತ್ತೇನೆ ಎಂದಿದ್ದಾನೆ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆಮೇಲೆ ನನ್ನ ಮೊರ ಅಟ್ಟ ಸೇರುತ್ತದೆ. ಬೇಕಿದ್ದರೆ ತಾನೇ ಹಾರಿಸಿ ನೋಡುತ್ತೇನೆ ಎಂದ. ಬೇಡ ಎಂದೆ. ಅಮರ್ ಒಪ್ಪಿದ್ದು ನನ್ನ ಮಾತಿಗೆ, ಅದನ್ನು ಇಳಿಸಬೇಕಾದವಳು ನಾನೇ.

ನನಗೆ ಹಾರುವುದು ಇಷ್ಟವೇನೂ ಇಲ್ಲ. ಇದೊಂದು ಕೆಲಸ ಮುಗಿಯಲಿ, ಸಾಕು.

ಜೂನ್ 17, ಮಂಗಳವಾರ

ದೇವೇಂದ್ರ ಬಂದಿಳಿದ. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಬೇರೆಯವರಿಗೆ ಹಾರಲು ಕಲಿಸಿದವನು. ನಮ್ಮ ಮನೆಯ ಊಟಕ್ಕೆ ಕೂತರೆ ಮಾತ್ರ ಈಗಲೂ ಅಮರಣ್ಣನ ತಮ್ಮನಿದ್ದ ಹಾಗೆ. ಅತ್ತೆ ಅವನಿಗೆ ಎರಡನೇ ಮುದ್ದೆ ಹಾಕಿದರು. ಇಡೀ ದಿನ ನನ್ನ ಜೊತೆ ಆಡುವುದಕ್ಕಿಂತ ಹೆಚ್ಚು ಮಾತನ್ನು ಅವನ ಜೊತೆ ಹತ್ತು ನಿಮಿಷದಲ್ಲಿ ಆಡಿ ಮುಗಿಸಿದರು. ಆಡಲಿ. ಮಗ ಹೋದ ಮೇಲೆ ಮುನಿತಾಯಮ್ಮನವರು ಗಿರಗಿಟ್ಲೆಯ ಶೆಡ್ಡಿನ ಕಡೆ ತಲೆ ಹಾಕಿಲ್ಲ. ನಾನು ದಿನವೂ ಅಲ್ಲೇ ಇರುತ್ತೇನೆ. ನಮ್ಮಿಬ್ಬರ ನಡುವೆ ಮಾತಿಗೆ ಜಾಗವೆಲ್ಲಿದೆ.

ಗಾಳಿಯ ಪಾಠ ಶುರು ಮಾಡುವ ಮೊದಲು ದೇವೇಂದ್ರ ಒಂದು ಕರಾರು ಹಾಕಿದ. ಕೆಳಗಿದ್ದಾಗ ನಾನು ಅತ್ತಿಗೆ, ಬನ್ನಿ ಹೋಗಿ ಎಲ್ಲ ಉಂಟು. ಮೇಲೆ ಹೋದ ಮೇಲೆ ಮರ್ಯಾದೆ ಇಲ್ಲ. "ಹಿಡೀರಿ ಅನ್ನೋಷ್ಟರಲ್ಲಿ ಗಾಳಿ ಬಂದು ಹೋಗಿರುತ್ತೆ ಅತ್ತಿಗೆ. ಹಿಡಿ, ಬಿಡು, ತಡಿ. ಅಷ್ಟೇ. ಬೇಜಾರು ಮಾಡ್ಕೋಬಾರ್ದು," ಎಂದ. ಬೇಜಾರೇನು, ನಗು ಬಂತು. ಅಮರ್‌ನನ್ನು ನಾನು ಅತ್ತೆಯ ಮುಂದೆ 'ಇವರು' ಎನ್ನುತ್ತಿದ್ದೆ, ಶೆಡ್ಡಿನೊಳಗೆ 'ಅವನು'. ಈ ಪುಸ್ತಕವೂ ಶೆಡ್ಡಿನಂತೆಯೇ, ಇಲ್ಲಿ ಅವನು ಅವನೇ.

ದೇವೇಂದ್ರ ಅಮರ್‌ನ ಹೆಡ್‌ಸೆಟ್ ಕೈಗೆತ್ತಿಕೊಂಡು ಕೊಟ್ಟ. ನಾನು ಇನ್ನೊಂದನ್ನು ಹಾಕಿಕೊಂಡೆ.

ಜೂನ್ 26, ಗುರುವಾರ

ಇವತ್ತಿನಿಂದ ಆಷಾಢ. ಗಾಳಿಗೆ ಪಂಚಾಂಗ ಗೊತ್ತಿದೆಯೋ ಏನೋ, ಬೆಳಕು ಹರಿಯುವ ಮೊದಲೇ ಹಿತ್ತಲ ಬಾಗಿಲು ಬಡಿಯತೊಡಗಿತು. ಮಧ್ಯಾಹ್ನದ ಹೊತ್ತಿಗೆ ಪಟ್ಟಿಯ ಅಂಚಿನ ಗಾಳಿಚೀಲ ಕೋಲಿನಂತೆ ನೆಟ್ಟಗೆ ನಿಂತಿತ್ತು. ನಂದಿಯ ಹೆಗಲು ಸುತ್ತಿ ಬರುವ ಗಾಳಿ ಒಂದೇ ಸಮನೆ ಬೀಸಿದರೆ ಕಷ್ಟವಿಲ್ಲ. ಬೀಸುತ್ತದೆ, ಸುಮ್ಮನಾಗುತ್ತದೆ, ಮರೆತೆವು ಅನ್ನುವಾಗ ಮತ್ತೆ ಬಂದು ಹೊಡೆಯುತ್ತದೆ.

ದೇವೇಂದ್ರ ಹಿಂದಿನ ಸೀಟಿನಲ್ಲಿ ಕೂತಿದ್ದಾಗ ತೊಂದರೆಯಿಲ್ಲ. ಒಬ್ಬಳೇ ಹೋಗುವಾಗ ಮುಂದಿನ ತೂಕ ಸಾಲದು. ಗಿರಗಿಟ್ಲೆಯ ಲೆಕ್ಕವೆಲ್ಲ ಅಮರ್‌ನ ತೂಕಕ್ಕೆ ಮಾಡಿದ್ದು, ಮಾಡಿದವಳೂ ನಾನೇ. ಅವನು ಎಷ್ಟು ದಪ್ಪ, ನಾನೆಷ್ಟು ಸಣ್ಣ ಅನ್ನುವುದನ್ನು ಒಂದು ಚೀಲದಲ್ಲಿ ತುಂಬಿ ಕಾಲಿನ ಬಳಿ ಬಿಗಿಯಬೇಕು. ಮರಳು ತುಂಬೋಣ ಎಂದರೆ ಪಿಳ್ಳಪ್ಪನವರು ಒಪ್ಪಲಿಲ್ಲ. ಮರಳು ಹೊತ್ತುಕೊಂಡು ಮೇಲೆ ಹೋಗುವುದು ಚೆನ್ನಾಗಿರುವುದಿಲ್ಲವಂತೆ. ತಮ್ಮ ಮನೆಯ ರಾಗಿ ತಂದು ಚೀಲದೊಳಗೆ ಹೊಲಿದು ಕೊಟ್ಟರು. ತೂಕ ನೋಡಿ ಕಟ್ಟಿದೆವು. ಈಗ ನಾನು ಮತ್ತು ಚೀಲ ಸೇರಿದರೆ ಒಬ್ಬ ಅಮರ್.

ಮೊದಲ ಸಲ ಅವನು ಇಲ್ಲಿಂದ ಎದ್ದ ದಿನ ಹೊಲದಲ್ಲಿ ಕಳೆ ಕೀಳುತ್ತಿದ್ದವರೆಲ್ಲ ಎದ್ದು ನಿಂತಿದ್ದರು. ಅತ್ತೆ ಸೆರಗಿನಲ್ಲಿ ಕಡಲೆಕಾಯಿ ಇಟ್ಟುಕೊಂಡು, ತಿನ್ನುವುದನ್ನು ಮರೆತು, ಕುತ್ತಿಗೆ ನೋಯುವವರೆಗೂ ನೋಡಿದ್ದರು. ಇಳಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ, ಮೇಲೆ ಚಳಿಯಾಯಿತಾ ಎಂದು. ಅಮರ್ ಆಯಿತು ಎಂದ. ಮರುದಿನವೇ ಮಫ್ಲರ್ ಬಂತು. ಸೆಕೆಗಾಲದಲ್ಲೂ ಅದನ್ನು ಸುತ್ತಿಕೊಂಡೇ ಹಾರುತ್ತಿದ್ದ, ಅಮ್ಮ ಕೆಳಗಿನಿಂದ ನೋಡುತ್ತಾಳೆ ಎಂದು. ಇವತ್ತು ಗಾಳಿಯಲ್ಲಿ ನಿಂತಾಗ ಆ ಹಳದಿ ಮಫ್ಲರ್ ನೆನಪಾಯಿತು.

ಜೂನ್ 29, ಭಾನುವಾರ

ಪಾಠವಿಲ್ಲ, ಮಳೆ. ಮನಸ್ಸಿನಲ್ಲಿ ಕೊರೆಯುವುದನ್ನು ಬರೆದೇ ಬಿಡುತ್ತೇನೆ.

ಅವನು ಹಾರುವಾಗ ನನ್ನ ಜಾಗ ಗಾಳಿಚೀಲದ ಕಂಬದ ಬುಡ. ಕೈಯಲ್ಲಿ ನೀರಿನ ಬಾಟಲಿ. ಇಳಿದ ಮೇಲೆ ಎಂಜಿನ್ ನಿಂತರೂ ತಲೆಯ ಮೇಲಿನ ರೆಕ್ಕೆ ಬಹಳ ಹೊತ್ತು ತಿರುಗುತ್ತದೆ. ಗಾಳಿಯಿದ್ದ ದಿನವಂತೂ ಅದು ಬಾಗಿ ತೂಗಾಡುತ್ತದೆ, ಹತ್ತಿರ ಹೋದವರ ತಲೆ ಹೋದೀತು. ಇದೆಲ್ಲ ಗೊತ್ತಿದ್ದೂ ನಾನು ಪ್ರತಿಸಲ ಒಂದು ಹೆಜ್ಜೆ ಮುಂದಿಡುತ್ತಿದ್ದೆ. ಪ್ರತಿಸಲವೂ ಅವನು ಅಂಗೈ ಎತ್ತಿ "ತಡಿ" ಎನ್ನುತ್ತಿದ್ದ. ನಿಂತುಬಿಡುತ್ತಿದ್ದೆ. ನಿಂತಲ್ಲೇ ನಿಲ್ಲಿಸುವ ಮಾತು ಅದು. ಅಷ್ಟು ವರ್ಷದಲ್ಲಿ ನನ್ನ ಕಾಲಿಗೇ ಅಭ್ಯಾಸವಾಗಿಹೋಗಿತ್ತು.

ಹೋದ ವರ್ಷ ಗಣೇಶನ ಹಬ್ಬ ಕಳೆದ ವಾರ, ಆಸ್ಪತ್ರೆಯಲ್ಲಿ, ಅವನ ದಿಂಬು ಸರಿಮಾಡಲು ಬಗ್ಗಿದೆ. ಉಸಿರಿನ ಕೊಳವೆಯ ಹಿಂದಿನಿಂದ ಅಂಗೈ ಎತ್ತಿದ, ಪಟ್ಟಿಯಲ್ಲಿ ಎತ್ತುತ್ತಿದ್ದ ಹಾಗೆಯೇ. "ತಡಿ" ಎಂದ. ನಿಂತೆ. ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡೆ. ಒಬ್ಬನೇ ಇರಬೇಕೇನೋ ಎಂದು ಹೊರಗೆ ಹೋಗಿ ಕಿಟಕಿಯ ಹತ್ತಿರ ನಿಂತೆ. ಮತ್ತೆ ಒಳಗೆ ಬರುವಷ್ಟರಲ್ಲಿ ಕಣ್ಣು ಮುಚ್ಚಿದ್ದ. ಆಮೇಲೆ ಅವನು ಮಾತಾಡಲಿಲ್ಲ.

ಇಷ್ಟು ಕಾಲ ಜೊತೆಗಿದ್ದವಳಿಗೆ ಕೊನೆಗೆ ಹೇಳಿದ್ದು ಹತ್ತಿರ ಬರಬೇಡ ಎಂದೇ? ನನಗೆ ದುಃಖಕ್ಕಿಂತ ಕೋಪವೇ ಹೆಚ್ಚು. ಇದ್ದವರ ಮೇಲಾದರೆ ಕೋಪ ಮಾಡಿಕೊಂಡು ಎರಡು ದಿನ ಮಾತು ಬಿಡಬಹುದು. ಹೋದವರ ಮೇಲೆ ಮಾಡಿಕೊಂಡರೆ ಸಮಾಧಾನ ಮಾಡುವವರು ಯಾರು.

ಜುಲೈ 5, ಶನಿವಾರ

ಗಿರಗಿಟ್ಲೆಯ ಮುಂಚಕ್ರವನ್ನು ಹಿಡಿದಿರುವ ಕವಲು ಬಾಗಿಹೋಗಿದೆ. ಇಬ್ಬರಿಗೂ ಏನೂ ಆಗಿಲ್ಲ. ರೆಕ್ಕೆಗೂ ಬಾಲಕ್ಕೂ ಏನೂ ಆಗಿಲ್ಲ.

ಮಧ್ಯಾಹ್ನದ ಗಾಳಿಯಲ್ಲಿ ದೇವೇಂದ್ರನನ್ನು ಹಿಂದೆ ಕೂರಿಸಿಕೊಂಡು ಇಳಿಯಲು ಬಂದೆ. ಮೇಲೆ ಇರುವವರೆಗೆ ಎಲ್ಲ ಚೆನ್ನಾಗಿತ್ತು. ನನ್ನ ಮೊರ ಗಾಳಿಗೆ ಜಗ್ಗಲಿಲ್ಲ, ಮೂಗು ಕುಣಿಯಲಿಲ್ಲ. ಹುಲ್ಲು ಇನ್ನೇನು ಕಾಲಿಗೆ ಸಿಕ್ಕಿತು ಅನ್ನುವಷ್ಟು ಕೆಳಗೆ ಬಂದು, ಮೂಗೆತ್ತಿ ವೇಗ ಕಳೆಯುತ್ತಿದ್ದೆ. ಆಗ ನಂದಿಯ ಕಡೆಯಿಂದ ಒಂದು ಹೊಡೆತ ಬಂತು. ಗಿರಗಿಟ್ಲೆ ಇಳಿಯುವುದನ್ನು ಬಿಟ್ಟು ಏಳತೊಡಗಿತು. ಕಿವಿಯಲ್ಲಿ ದೇವೇಂದ್ರ "ತಡಿ" ಎಂದ.

ತಡೆದೆ. ಏಳುತ್ತಿರುವುದನ್ನು ತಡೆಯಬೇಕು ಎಂದೇ ನನ್ನ ಮೈಗೆ ಅರ್ಥವಾದದ್ದು. ಎಂಜಿನ್ ಕಡಿಮೆ ಮಾಡಿದೆ, ಸ್ಟಿಕ್ ಮುಂದಕ್ಕೆ ತಳ್ಳಿದೆ. ಅದು ಮಾಡಬಾರದ ಕೆಲಸ ಎಂದು ಎಷ್ಟು ಜನರಿಗೆ ಲೆಕ್ಕ ಬರೆದು ತೋರಿಸಿದ್ದೇನೋ. ರೆಕ್ಕೆಯ ಮೇಲಿನ ಭಾರ ಹೋಯಿತು, ಯಂತ್ರ ಕೈಬಿಟ್ಟ ಹಾಗೆ ಬಿತ್ತು, ಮುಂಚಕ್ರ ಮೊದಲು ನೆಲಕ್ಕೆ ಬಡಿಯಿತು. ಸ್ವಲ್ಪವೇ ಎತ್ತರದಲ್ಲಿದ್ದೆವು, ಅದು ನಮ್ಮ ಪುಣ್ಯ.

ರೆಕ್ಕೆ ನಿಲ್ಲುವವರೆಗೂ ಇಬ್ಬರೂ ಸೀಟಿನಲ್ಲೇ ಇದ್ದೆವು. ಇಳಿದು ಕವಲು ನೋಡಿದ ಮೇಲೆ ನಾನೇ ರೇಗಿದೆ. ನೀನು ತಡಿ ಅಂದೆ, ನಾನು ತಡೆದೆ, ಇದರಲ್ಲಿ ನನ್ನದೇನು ಎಂದೆ.

"ಅಯ್ಯೋ ಅತ್ತಿಗೆ, ತಡಿ ಅಂದ್ರೆ ತಡ್ಕೊಳ್ಳಿ ಅಂತ. ಏನೂ ಮಾಡ್ಬೇಡಿ, ಸ್ಟಿಕ್ಕು ಇದ್ದ ಹಾಗೇ ಹಿಡ್ಕಂಡು ಸ್ವಲ್ಪ ಕಾಯಿರಿ ಅಂತ."

"ಹಾಗಾದ್ರೆ ತಡೀರಿ ಅನ್ಬೇಕಿತ್ತು."

ಅಂದ ಮೇಲೆ ನನಗೇ ತಿಳಿಯಿತು, 'ರೀ' ಹಚ್ಚಿದ್ದರೂ ನಾನು ಇದನ್ನೇ ಮಾಡುತ್ತಿದ್ದೆ. ಒಂದು ಮಾತಿಗೆ ಎರಡು ಅರ್ಥವಿದೆ, ನನ್ನ ಮೈಗೆ ಒಂದೇ ಗೊತ್ತು.

ಜುಲೈ 6, ಭಾನುವಾರ

ಶೆಡ್ಡಿಗೆ ಹೋಗಲಿಲ್ಲ. ದೇವೇಂದ್ರ ಫೋನ್ ಮಾಡಿದ, ಎತ್ತಲಿಲ್ಲ. ತಾನೇ ಬಾಲವನ್ನು ಪರೀಕ್ಷೆ ಮಾಡುತ್ತೇನೆ ಎಂದು ಮೆಸೇಜ್ ಹಾಕಿದ್ದಾನೆ. ಮಾಡಲಿ ಬಿಡು.

ಜುಲೈ 9, ಬುಧವಾರ

ಅತ್ತೆ ಸಂಜೆ ಕಾಫಿ ತಂದು ನನ್ನ ಪಕ್ಕದಲ್ಲೇ ಕೂತರು. ಬಿದ್ದದ್ದನ್ನು ಪಿಳ್ಳಪ್ಪನವರು ಹೇಳಿದ್ದಾರೆ. ಬೈಗುಳಕ್ಕೆ ಸಿದ್ಧಳಾದೆ. ಅವರು ಅಂಗಳದ ಕಡೆ ನೋಡುತ್ತಾ, "ಮೇಲೆ ಚಳಿ ಆಯ್ತದಾ?" ಎಂದು ಕೇಳಿದರು. ಆಗುತ್ತದೆ ಎಂದೆ. ಒಳಗೆ ಹೋಗಿ ಟ್ರಂಕಿನಿಂದ ಹಳದಿ ಮಫ್ಲರ್ ತಂದು ತೊಡೆಯ ಮೇಲಿಟ್ಟು ಎದ್ದು ಹೋದರು. ಅದರಲ್ಲಿ ನುಸಿಗುಳಿಗೆಯ ವಾಸನೆ ಮಾತ್ರ ಇತ್ತು. ಅವನ ವಾಸನೆ ಇರಬಹುದೆಂದು ಮೂಗಿಗೆ ಹಿಡಿದಿದ್ದೆ.

ಆಮೇಲೆ ದೇವೇಂದ್ರ ಬಂದ. ನೆಲಮಂಗಲದ ವರ್ಕ್‌ಶಾಪಿನಲ್ಲಿ ಹೊಸ ಕವಲು ಮಾಡಿಸಿಕೊಂಡು ಬಂದಿದ್ದ. ಹಾರುವುದೋ ಬಿಡುವುದೋ ನಿಮಗೆ ಸೇರಿದ್ದು, ಮೊದಲು ಆ ಮಾತನ್ನು ಬದಲಾಯಿಸೋಣ ಎಂದ. 'ಕಾಯಿ' ಎಂದರೆ ಹೇಗೆ ಎಂದು ಕೇಳಿದ. ಒಳಗಿನಿಂದ ಅತ್ತೆ, "ಕಾಯಿ ಯಾಕಪ್ಪ ಈಗ, ಪೂಜೆಗಾ? ಹಿತ್ಲಲ್ಲಿ ಐತೆ, ತಗೊ," ಎಂದರು. ನಾವಿಬ್ಬರೂ ನಕ್ಕೆವು. ಯಾಕೆಂದು ತಿಳಿಯದೆ ಅವರೂ ನಕ್ಕರು. ಕಾಫಿ ಮತ್ತೆ ಬಿಸಿ ಮಾಡಬೇಕಾಯಿತು.

ನಗು ನಿಂತ ಮೇಲೆ ದೇವೇಂದ್ರ ಹೇಳಿದ. 'ತಡಿ' ಅವನ ಸ್ವಂತದ್ದಲ್ಲವಂತೆ. ದೊಡ್ಡ ವಿಮಾನ ಹಾರಿಸಿ ಬಂದವನಿಗೆ ಗಿರಗಿಟ್ಲೆ ಇಳಿಸುವುದನ್ನು ಕಲಿಸಿದವನು ಅಮರ್. ಗಾಳಿ ಮೇಲೆತ್ತಿದಾಗಲೆಲ್ಲ ದೇವೇಂದ್ರ ಅವಸರಪಟ್ಟು ಸ್ಟಿಕ್ ನೂಕಲು ಹೋದರೆ, ಅಮರ್ ಹಿಂದಿನ ಸೀಟಿನಿಂದ, "ತಡಿ ಕಣೋ, ತಡಿ. ಗಾಳಿ ತಾನೇ ಎತ್ತಿದ್ದು, ಅದೇ ಇಳಿಸುತ್ತೆ," ಎನ್ನುತ್ತಿದ್ದನಂತೆ.

ಈ ಮಾತು ನನಗೆ ಗೊತ್ತಿರಲಿಲ್ಲ. ನಾನು ಅವನ ಹಿಂದಿನ ಸೀಟಿನಲ್ಲಿ ಒಂದು ದಿನವೂ ಕೂತವಳಲ್ಲ. ನನಗೆ ಹೆದರಿಕೆ ಎಂದು ಅವನು ಕರೆಯಲಿಲ್ಲ, ಕರೆಯಲಿಲ್ಲವೆಂದು ನಾನು ಹತ್ತಲಿಲ್ಲ. ಇರಲಿ. ಅದು ಮೇಲಿನ ತಡಿ. ನನಗೆ ಸಿಕ್ಕಿದ್ದು ನೆಲದ ತಡಿ, ಅದರ ಅರ್ಥ ಬೇರೆ.

ಮಾತು ಬದಲಾಯಿಸುವುದು ಬೇಡ ಎಂದೆ. ನಾಳೆ ಕವಲು ಕೂರಿಸೋಣ ಎಂದೂ ಎಂದೆ. ಯಾವಾಗ ಮನಸ್ಸು ಬದಲಾಯಿತೋ ಗೊತ್ತಿಲ್ಲ.

ಜುಲೈ 16, ಬುಧವಾರ

ಮೂರು ದಿನದಿಂದ ಗಾಳಿಯಲ್ಲೇ ಅಭ್ಯಾಸ. ಏಳುವುದು, ಪಿಳ್ಳಪ್ಪನವರ ಹುಣಸೆಮರದ ಮೇಲೆ ತಿರುಗುವುದು, ನಂದಿಗೆ ಮುಖ ಮಾಡುವುದು, ಇಳಿಯುವುದು. ಗಾಳಿ ಎತ್ತಿದಾಗ ಏನೂ ಮಾಡದೆ ಕೂರುವುದು ಇಷ್ಟು ಕಷ್ಟವೆಂದು ಯಾವ ಲೆಕ್ಕದಲ್ಲೂ ಬರುವುದಿಲ್ಲ. ಕೈ ತುರಿಸುತ್ತದೆ. ಕಾಲು ತುರಿಸುತ್ತದೆ. ಸುಮ್ಮನೆ ಕಾದರೆ ಗಾಳಿ ದಣಿದು, ಯಂತ್ರ ತಾನಾಗಿ ಕೆಳಗೆ ಜಾರುತ್ತದೆ. ಆಗ ಸ್ಟಿಕ್ಕನ್ನು ಮೆಲ್ಲಗೆ ಎದೆಯ ಕಡೆ ತಂದರೆ ಹಿಂದಿನ ಚಕ್ರಗಳು ಹುಲ್ಲಿಗೆ ಸೋಕುತ್ತವೆ. ಮುಂಚಕ್ರ ನೆಲ ಮುಟ್ಟುವಾಗ ನೇರವಾಗಿರಬೇಕು, ಇಲ್ಲವಾದರೆ ಪಕ್ಕಕ್ಕೆ ಉರುಳುವುದೇ.

ಮೇಲಿನಿಂದ ನಮ್ಮ ಮನೆ ಕಂಡಿತು. ಹಿತ್ತಲಲ್ಲಿ ಯಾರೋ ಹಣೆಯ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಮಫ್ಲರ್ ಅಂಗಿಯೊಳಗಿತ್ತು. ಹೊರಗೆಳೆದು ಹಾಕಿಕೊಂಡೆ.

ಜುಲೈ 20, ಭಾನುವಾರ

ಗಾಳಿಯೇ ಇಲ್ಲ. ಮೊನ್ನೆಯಿಂದ ಗಾಳಿಚೀಲ ಒಣಹಾಕಿದ ಲಂಗದಂತೆ ಜೋತು ಬಿದ್ದಿದೆ. ಆಷಾಢದಲ್ಲಿ ಗಾಳಿ ಬರಲಿ ಎಂದು ದೇವರಿಗೆ ಕೈಮುಗಿದ ಹೆಂಗಸು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಪಟ್ಟಿಯ ಅಂಚಿನಲ್ಲಿ ಲೇಔಟಿನವರು ಸುಣ್ಣ ಬಳಿದ ಕಲ್ಲು ನೆಟ್ಟು ಹೋಗಿದ್ದಾರೆ. ಪಿಳ್ಳಪ್ಪನವರು ಅದನ್ನು ನೋಡಿ ಬೇರೆ ಕಡೆ ತಿರುಗಿಕೊಂಡರು.

ಜುಲೈ 23, ಬುಧವಾರ

ಸಂಜೆ ಮತ್ತೆ ಬಾಗಿಲು ಬಡಿಯತೊಡಗಿದೆ. ನಾಳೆ ಆಷಾಢದ ಕೊನೆಯ ದಿನ. ನಾಳೆಯೇ ಭೀಮನ ಅಮಾವಾಸ್ಯೆ.

ಕಳೆದ ವರ್ಷ ಅವನು ಹಾಸಿಗೆಯಿಂದಲೇ ಕಾಲು ಚಾಚಿದ್ದ. ತಟ್ಟೆಯಿಟ್ಟು ತೊಳೆದೆ, ಅರಿಶಿನ ಹಚ್ಚಿದೆ. ಇದೆಲ್ಲ ನಂಬದ ಇಂಜಿನಿಯರಮ್ಮ ಪ್ರತಿವರ್ಷ ಯಾಕೆ ಮಾಡುತ್ತಾಳೆ ಎಂದು ಕೆಣಕಿದ. ಯಂತ್ರಕ್ಕೆ ವರ್ಷಕ್ಕೊಮ್ಮೆ ಎಣ್ಣೆ ಬಿಡುವುದಿಲ್ಲವೇ ಎಂದೆ. ನಗಲು ಹೋಗಿ ಕೆಮ್ಮಿದ. ಪಾದ ಎಷ್ಟು ಸಣ್ಣಗಾಗಿತ್ತು. ಹೆಬ್ಬೆರಳಿನ ಬುಡದಲ್ಲಿ ಪೆಡಲ್ ಒತ್ತಿ ಒತ್ತಿ ಆದ ದಡ್ಡು ಮಾತ್ರ ಹಾಗೇ ಇತ್ತು. ಅದನ್ನೇ ಇನ್ನೊಂದು ಸಲ ತೊಳೆದೆ.

ನಾಳೆ ಒಬ್ಬಳೇ ಹೋಗುತ್ತೇನೆ. ದೇವೇಂದ್ರ ಕೆಳಗೆ ರೇಡಿಯೊ ಹಿಡಿದು ಕಂಬದ ಬುಡದಲ್ಲಿ ನಿಲ್ಲುತ್ತಾನೆ. ನನ್ನ ಜಾಗದಲ್ಲಿ.

ಜುಲೈ 24, ಗುರುವಾರ. ಭೀಮನ ಅಮಾವಾಸ್ಯೆ

ನಡುಮನೆಯಲ್ಲಿ ಅತ್ತೆ ಚೀಲದ ರಾಗಿಯನ್ನು ಮೊರಕ್ಕೆ ಸುರಿದುಕೊಂಡು ಕೇರುತ್ತಿದ್ದಾರೆ. ಆಕಾಶ ನೋಡಿ ಬಂದ ರಾಗಿ, ನಾಳೆ ಮಿಲ್ಲಿಗೆ ಕೊಟ್ಟು ಮುದ್ದೆ ಮಾಡೋಣ ಎಂದರು. ಆ ಸದ್ದು ಕೇಳುತ್ತಾ ಬರೆಯುತ್ತಿದ್ದೇನೆ.

ಬೆಳಿಗ್ಗೆ ಬೀದಿಯಲ್ಲೆಲ್ಲ ಹೆಂಗಸರು ತಲೆಗೆ ಮಿಂದು ಓಡಾಡುತ್ತಿದ್ದರು. ನಾನು ಮಫ್ಲರ್ ಸುತ್ತಿಕೊಂಡು ಹೊರಟೆ. ಅತ್ತೆ ಬಾಗಿಲವರೆಗೆ ಬಂದು, "ಉಣ್ಣಾಕೆ ಬಂದ್ಬುಡು," ಎಂದರು, ಹೊಲಕ್ಕೆ ಹೋಗುವವರಿಗೆ ಹೇಳುವ ಹಾಗೆ.

ಹೊತ್ತೇರಿದಂತೆ ಗಾಳಿ ಬಲವಾಯಿತು. ಗಾಳಿಚೀಲ ನೆಟ್ಟಗಾಯಿತು. ದೇವೇಂದ್ರ ಚೀಲದ ಕಟ್ಟು, ಚಕ್ರ, ಬಾಲ ಎಲ್ಲವನ್ನೂ ಜಗ್ಗಿ ನೋಡಿದ. ಹತ್ತಿ ಕೂತೆ. ಅಮರ್‌ನ ಹೆಡ್‌ಸೆಟ್ಟೇ ಕೈಗೆ ಸಿಕ್ಕಿತು, ಅದನ್ನೇ ಹಾಕಿಕೊಂಡೆ.

ಮೇಲೆ ಗಾಳಿ ಎಡದಿಂದ ಹೊಡೆಯಿತು, ಕೆಳಗಿನಿಂದ ಎತ್ತಿತು, ಒಮ್ಮೆ ಸುಮ್ಮನೆ ಕೈಬಿಟ್ಟಿತು. ಹಳೆಯ ಬಾಲವಿದ್ದಿದ್ದರೆ ಇಷ್ಟು ಹೊತ್ತಿಗೆ ಮೂಗು ಕುಣಿದು ಕುಪ್ಪಳಿಸುತ್ತಿತ್ತು. ಮೊರ ಹಿಡಿದುಕೊಂಡಿತ್ತು. ನೋಡು, ನೋಡು ಎಂದು ಜೋರಾಗಿ ಹೇಳಿದೆ. ಯಾರಿಗೆ ಹೇಳಿದೆನೋ. ದೇವೇಂದ್ರನಿಗೆ ಕೇಳಿಸಿರಬೇಕು.

ಮೊದಲ ಸಲ ಇಳಿಯಲು ಬಂದಾಗ ಗಾಳಿ ಪಕ್ಕಕ್ಕೆ ತಳ್ಳಿತು. ಹಟ ಮಾಡದೆ ಎಂಜಿನ್ ಏರಿಸಿ ಮೇಲೆ ಹೋದೆ. ಎರಡನೇ ಸಲ ನಂದಿ ಸರಿಯಾಗಿ ಎದುರಿಗೆ ಬಂತು. ಸುಣ್ಣದ ಕಲ್ಲುಗಳು ಎರಡೂ ಕಡೆ ಹಿಂದೆ ಸರಿದವು. ಹುಲ್ಲಿನ ಎಳೆಗಳು ಕಾಣುವಷ್ಟು ಕೆಳಗೆ ಬಂದು ಮೂಗೆತ್ತಿದೆ. ಅಲ್ಲೇ ಕಾದಿದ್ದ ಹಾಗೆ ಆ ಹೊಡೆತ ಬಂತು. ಗಿರಗಿಟ್ಲೆ ಏಳತೊಡಗಿತು.

"ತಡಿ," ಎಂದಿತು ಕಿವಿಯಲ್ಲಿ.

ಸ್ಟಿಕ್ ಇದ್ದಲ್ಲೇ ಹಿಡಿದೆ. ಕೈ ಮುಂದಕ್ಕೆ ಹೋಗಲು ಎಳೆಯಿತು, ಬಿಡಲಿಲ್ಲ. ಎಂಜಿನ್ನಿಗೆ ಚೂರೇ ಚೂರು ಜೀವ ಕೊಟ್ಟೆ. ಇನ್ನೇನೂ ಮಾಡಲಿಲ್ಲ. ಭಯವಾಯಿತು, ಭಯಪಡುತ್ತಲೇ ಕೂತೆ. ಗಾಳಿ ಸಾಕಾಗಿ ಕೆಳಗೆ ಬಿಟ್ಟಿತು. ಸ್ಟಿಕ್ಕನ್ನು ಎದೆಗೆ ತಂದೆ. ಹಿಂದಿನ ಚಕ್ರಗಳು ಸೋಕಿದವು, ಆಮೇಲೆ ಮುಂಚಕ್ರ, ನೇರವಾಗಿ. ಶೆಡ್ಡಿನ ಉದ್ದದಷ್ಟೂ ಓಡದೆ ನಿಂತಿತು. ಎಂಜಿನ್ ಆರಿಸಿ, ರೆಕ್ಕೆಯನ್ನು ಗಾಳಿಗೆ ಬಾಗಿಸಿ, ಅದರ ಬ್ರೇಕ್ ಹಿಡಿದು ಕೂತೆ.

ಆಗ ದೇವೇಂದ್ರ ಓಡಿಬರುವುದು ಕಂಡಿತು. ವಾಯುಪಡೆಯ ಗುರು, ಎಲ್ಲ ನಿಯಮ ಬಲ್ಲವನು, ಸಂತೋಷದಲ್ಲಿ ನೀರಿನ ಬಾಟಲಿ ಹಿಡಿದು ತಿರುಗುವ ರೆಕ್ಕೆಯ ಕಡೆಗೇ ಓಡಿಬರುತ್ತಿದ್ದ. ನನ್ನ ಕೈ ತಾನಾಗಿ ಎದ್ದಿತು. ಅಂಗೈ ಚಾಚಿ "ತಡಿ" ಎಂದೆ.

ಅವನು ನಿಂತ. ನಾನು ಆ ಕೈಯನ್ನು ನೋಡಿದೆ.

ದೇವೇಂದ್ರನಿಗೆ ನಾನು ಹತ್ತಿರ ಬರಬೇಡ ಎಂದೆನೇ? ಹಾಗೆ ಅನ್ನಲು ನನಗೇನಾಗಿದೆ. ಅವನು ಬರುತ್ತಿರುವುದನ್ನು ಕಂಡು ನನಗೆ ಎಷ್ಟು ಹಿತವಾಗಿತ್ತು. ಹೋಗಬೇಡ, ಅಲ್ಲೇ ಇರು, ಈ ರೆಕ್ಕೆಯೊಂದು ನಿಲ್ಲಲಿ, ಬಂದುಬಿಡುತ್ತೇನೆ ಎಂದು ನಾನು ಹೇಳಿದ್ದು. ಅಷ್ಟನ್ನೂ ಹೇಳಲು ಬಾಯಿಗೆ ಬಂದದ್ದು ಅದೊಂದೇ ಮಾತು. ಈ ಸೀಟಿನಲ್ಲಿ ಕೂತು ಅಷ್ಟು ವರ್ಷ ಅಮರ್ ಹೇಳಿದ್ದೂ ಅಷ್ಟೇ. ನೆಲದ ತಡಿ, ಮೇಲಿನ ತಡಿ ಎಂದು ಬೇರೆ ಬೇರೆ ಇರಲೇ ಇಲ್ಲ. ಅವನ ಬಾಯಲ್ಲಿ ಇದ್ದದ್ದು ಒಂದೇ.

ಆಸ್ಪತ್ರೆಯಲ್ಲಿ ಅವನು ನನ್ನನ್ನು ತಡೆಯಲಿಲ್ಲ. ಇರು ಎಂದ. ನಾನು ಹೋಗಿ ಕಿಟಕಿಯ ಹತ್ತಿರ ನಿಂತೆ.

ಅಳು ಬಂತು. ಜೋರಾಗಿಯೇ ಅತ್ತುಬಿಟ್ಟೆ, ಹತ್ತು ತಿಂಗಳಿಗೆ ಮೊದಲ ಸಲ. ಕೋಪವನ್ನು ಹುಡುಕಿದೆ, ಸಿಗಲಿಲ್ಲ. ಪಿಳ್ಳಪ್ಪನವರು ದೇವೇಂದ್ರನ ಪಕ್ಕಕ್ಕೆ ಬಂದು, ಚೈತ್ರಮ್ಮ ಯಾಕೆ ಇಳೀತಿಲ್ಲ, ಏನಾದರೂ ಆಯಿತಾ ಎಂದು ಕೇಳುವುದು ಹೆಡ್‌ಸೆಟ್ಟಿನಲ್ಲಿ ಕೇಳಿಸಿತು.

"ಏನಿಲ್ಲ ಗೌಡ್ರೇ," ಎಂದ ದೇವೇಂದ್ರ. "ರೆಕ್ಕೆ ನಿಲ್ಲಲಿ."

ರೆಕ್ಕೆ ಆಗಲೇ ನಿಂತಿತ್ತು. ಇಬ್ಬರೂ ಗಾಳಿಯಲ್ಲಿ ಕಾಯುತ್ತಾ ನಿಂತಿದ್ದರು.